ಕಾಡುದಾರಿಯ ರಾತ್ರಿಯೂ ಸರಕಿನ ಗಡಿಯಾರವೂ

ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ವ್ಯಾಪಾರ ವಹಿವಾಟು ನಡೆಸುವವರಿಗೆ ಕಾಡು ದೂರದ ಸಂಗತಿಯಲ್ಲ. ಹುಣಸೂರಿನ ಕಾಫಿ ಸಂಸ್ಕರಣಾ ಘಟಕಗಳಿಗೆ ಕೊಡಗಿನ ಕಾಫಿ ಬರುವುದು ಕಾಡನ್ನು ಹಾದು. ಹೆಗ್ಗಡದೇವನಕೋಟೆಯ ಶುಂಠಿ, ತರಕಾರಿ, ಬಾಳೆಗೊನೆಗಳು ವಯನಾಡನ್ನು ತಲುಪುವುದು ಕಾಡನ್ನು ಹಾದು. ಕೃಷ್ಣರಾಜನಗರದ ಅಕ್ಕಿ ಗಿರಣಿಯಿಂದ ಹೊರಟ ಲಾರಿ ಉತ್ತರ ಕೇರಳದ ಪೇಟೆಯನ್ನು ಮುಟ್ಟಬೇಕಾದರೂ ಎಲ್ಲಾದರೊಂದು ಕಡೆ ಕಾಡಿನ ಅಂಚನ್ನು ಸವರಿಕೊಂಡೇ ಹೋಗಬೇಕು. ಈ ಕಾರಣದಿಂದ ರಾತ್ರಿ ಸಂಚಾರ ನಿರ್ಬಂಧದ ಪ್ರಶ್ನೆ ಇಲ್ಲಿನ ವರ್ತಕರಿಗೆ, ಲಾರಿ ಮಾಲೀಕರಿಗೆ ನೇರವಾಗಿ ಸಂಬಂಧಿಸಿದ್ದಾಗಿದೆ. ಅದು ಚರ್ಚೆಗೆ ಬಂದಾಗಲೆಲ್ಲ ಕೇಳಿಬರುವ ಮಾತೆಂದರೆ, ನಿರ್ಬಂಧದಿಂದ ವ್ಯಾಪಾರಕ್ಕೆ ನಷ್ಟವಾಗುತ್ತಿದೆ, ರಸ್ತೆಯನ್ನು ರಾತ್ರಿಯೂ ತೆರೆಯಬೇಕು ಎಂಬುದು. ಈ ಬೇಡಿಕೆ ಮೇಲ್ನೋಟಕ್ಕೆ ನ್ಯಾಯವಾಗಿ ಕಾಣುತ್ತದೆ. ಆದರೆ ಅದು ತಪ್ಪು ಜಾಗದಲ್ಲಿ ಇಟ್ಟ ಬೇಡಿಕೆ.

ನಿರ್ಬಂಧದ ಪೂರ್ವವೃತ್ತಾಂತವನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳಿತು. ಮೈಸೂರಿನಿಂದ ಹೆಗ್ಗಡದೇವನಕೋಟೆ, ಹ್ಯಾಂಡ್‌ಪೋಸ್ಟ್, ಅಂತರಸಂತೆ, ಕಾಕನಕೋಟೆ, ಬಳ್ಳೆ ಮಾರ್ಗವಾಗಿ ಬಾವಲಿಯ ಗಡಿ ದಾಟಿ ಮಾನಂದವಾಡಿಗೆ ಹೋಗುವ ರಸ್ತೆ ನಾಗರಹೊಳೆಯ ಒಡಲನ್ನು ಸೀಳಿಕೊಂಡು ಸಾಗುತ್ತದೆ. 2008ರಲ್ಲಿ ಮೈಸೂರು ಜಿಲ್ಲಾಡಳಿತವು ಈ ರಸ್ತೆಯ ಅರಣ್ಯಭಾಗದಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಲ್ಲಿಸಿತು. ಮರುವರ್ಷ, ಅಂದರೆ 2009ರ ಜೂನ್‌ನಲ್ಲಿ, ಚಾಮರಾಜನಗರ ಜಿಲ್ಲಾಧಿಕಾರಿಗಳು ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. ಆ ಆದೇಶ ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಬಳಿಕ ಹೈಕೋರ್ಟ್ ಮಧ್ಯಪ್ರವೇಶಿಸಿ ನಿಷೇಧವನ್ನು ಮತ್ತೆ ಜಾರಿಗೆ ತಂದಿತು. 2010ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2019ರ ಅಕ್ಟೋಬರ್‌ನಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹವೂ ನಡೆಯಿತು. ರಾಜಕೀಯ ಏನೇ ಇರಲಿ, ನಿರ್ಬಂಧ ಮಾತ್ರ ಕದಲಲಿಲ್ಲ. ಇನ್ನು ಮುಂದೆ ಕದಲುವುದೆಂದು ನಂಬಿ ವ್ಯವಹಾರ ರೂಪಿಸಿಕೊಳ್ಳುವುದು ಜಾಣತನವಾಗಲಾರದು.

ಈ ಎಲ್ಲ ವಾದವಿವಾದದ ನಡುವೆ ಕರ್ನಾಟಕ ಸರ್ಕಾರ ಮುಂದಿಟ್ಟ ಉತ್ತರ ಒಂದೇ ಆಗಿತ್ತು: ಬದಲಿ ಮಾರ್ಗವಿದೆ. ಹುಣಸೂರು, ಗೋಣಿಕೊಪ್ಪಲು, ಕುಟ್ಟ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆಯನ್ನು ಸುಮಾರು ರೂ. 75 ಕೋಟಿ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಲಾಯಿತು. ಬಂಡೀಪುರದಲ್ಲೂ ಬಾವಲಿಯಲ್ಲೂ ರಾತ್ರಿ ನಿಂತ ವಾಹನಗಳ ಒಂದು ದೊಡ್ಡ ಪಾಲು ಸಹಜವಾಗಿಯೇ ಹುಣಸೂರಿನತ್ತ ತಿರುಗಿತು. ಬದಲಿ ಮಾರ್ಗವೆಂದೊಡನೆ ಅದು ಕಾಡಿಲ್ಲದ ಮಾರ್ಗವೆಂದು ಭಾವಿಸುವವರು ಮೈಸೂರಿನಾಚೆಗೆ ಬಹಳ ಮಂದಿ. ಹುಣಸೂರಿನವರಿಗೂ ಪಿರಿಯಾಪಟ್ಟಣದವರಿಗೂ ಸತ್ಯ ಗೊತ್ತಿದೆ. ಪಂಚವಳ್ಳಿ ದಾಟಿ ಆನೆಚೌಕೂರಿನ ಗೇಟು ಬಂತೆಂದರೆ ಮುಂದೆ ಮತ್ತಿಗೋಡು, ಆಮೇಲೆ ತಿತಿಮತಿ. ಇದೂ ನಾಗರಹೊಳೆಯೇ. ಒಂದು ಕಾಡಿನ ಹಗಲಿರುಳಿನ ದಟ್ಟಣೆಯನ್ನು ಅದೇ ಕಾಡಿನ ಇನ್ನೊಂದು ಅಂಚಿಗೆ ಸಾಗಿಸಿದ್ದಷ್ಟೇ ಆದದ್ದು.

ಅದರ ಬೆಲೆ 2018ರ ಅಕ್ಟೋಬರ್ 8ರ ನಸುಕಿನಲ್ಲಿ ಗೊತ್ತಾಯಿತು. ಮತ್ತಿಗೋಡು ಆನೆ ಶಿಬಿರದ ರಂಗ ಎಂಬ ಸಲಗ ಇದೇ ರಸ್ತೆಯಲ್ಲಿ ಖಾಸಗಿ ಬಸ್ಸೊಂದು ಬಡಿದು ಸತ್ತಿತು. ಬೆಂಗಳೂರಿನ ಸುತ್ತಮುತ್ತ ಹೊಲಗದ್ದೆಗೆ ನುಗ್ಗಿ 'ರೌಡಿ ರಂಗ' ಎಂದು ಹೆಸರು ಪಡೆದಿದ್ದ ಕಾಡಾನೆ ಅದು. ಹಿಡಿದು ತಂದು ಪಳಗಿಸಿ, ಮಾವುತ ಕಾವಾಡಿಗಳ ಮಾತು ಕೇಳುವಂತೆ ಮಾಡಿ, ಮುಂದೊಂದು ದಿನ ದಸರೆಗೂ ಕರೆದೊಯ್ಯಬಹುದೆಂಬ ನಿರೀಕ್ಷೆ ಹುಟ್ಟಿಸಿದ್ದ ಆನೆ. ಶಿಬಿರದ ಆನೆಗಳನ್ನು ರಾತ್ರಿ ಮೇಯಲು ಕಾಡಿಗೆ ಬಿಡುವುದು ವಾಡಿಕೆ. ಹಾಗೆ ಮೇಯಲು ಹೋದದ್ದು ರಸ್ತೆಗೆ ಬಂದಿತ್ತು. ಅಂದಿಗೆ ಎರಡು ದಿನ ಕಳೆದರೆ ಮೈಸೂರಿನಲ್ಲಿ ನಾಡಹಬ್ಬದ ಆರಂಭ. 2020ರಿಂದ ಚಿನ್ನದ ಅಂಬಾರಿ ಹೊತ್ತ ಅಭಿಮನ್ಯುವಿನ ಬಿಡಾರವೂ ಇದೇ ಮತ್ತಿಗೋಡು ಎಂಬುದನ್ನು ನೆನೆದರೆ, ಆ ರಾತ್ರಿ ರಸ್ತೆಯ ಮೇಲಿದ್ದದ್ದು ಯಾವ ಆನೆಯೂ ಆಗಿರಬಹುದಿತ್ತು ಎಂಬುದು ಅರಿವಿಗೆ ಬರುತ್ತದೆ.

ರಂಗನ ಸಾವಿನ ಬಳಿಕ ಈ ರಸ್ತೆಯನ್ನೂ ರಾತ್ರಿ ಮುಚ್ಚಬೇಕೆಂಬ ಕೂಗು ಎದ್ದಿತು. ವಾಣಿಜ್ಯ ವಲಯ ಗಂಭೀರವಾಗಿ ಯೋಚಿಸಬೇಕಾದದ್ದು ಇಲ್ಲಿಯೇ. ಬಾವಲಿ ದಾರಿ ರಾತ್ರಿ ಇಲ್ಲ, ಬಂಡೀಪುರ ರಾತ್ರಿ ಇಲ್ಲ. ಆನೆಚೌಕೂರಿನ ದಾರಿಯೂ ಮುಚ್ಚಿತೆಂದರೆ ಈ ತಾಲ್ಲೂಕುಗಳಿಂದ ವಯನಾಡಿನತ್ತ ಇರುಳಿನಲ್ಲಿ ನೇರವಾಗಿ ಸಾಗುವ ದಾರಿಯೇ ಉಳಿಯುವುದಿಲ್ಲ. ಮುಚ್ಚಿದ ರಸ್ತೆಯನ್ನು ತೆರೆಸಲು ಶಕ್ತಿ ವ್ಯಯಿಸುವುದಕ್ಕಿಂತ, ತೆರೆದಿರುವ ರಸ್ತೆ ಮುಚ್ಚದಂತೆ ನಡೆದುಕೊಳ್ಳುವುದು ಹೆಚ್ಚು ಲಾಭದಾಯಕ. ಇನ್ನೊಂದು ಆನೆ, ಇನ್ನೊಂದು ಹುಲಿ ಅಲ್ಲಿ ಸತ್ತರೆ ಆ ವಾದವನ್ನು ಯಾವ ನ್ಯಾಯಾಲಯದ ಮುಂದೆಯೂ ಗೆಲ್ಲಲಾಗದು.

ಹಾಗಾದರೆ ಅಪಘಾತ ಆಗುವುದೇಕೆ? ಚಾಲಕನ ಅಜಾಗರೂಕತೆ ಎಂದು ಒಂದು ಮಾತಿನಲ್ಲಿ ಮುಗಿಸಿಬಿಡುವುದು ರೂಢಿ. ಲೆಕ್ಕ ಹಾಕಿ ನೋಡಿದರೆ ವಿಷಯ ಬೇರೆಯೇ ಇದೆ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಮುಂದೆ ಹೋಗುತ್ತದೆ. ಎದುರಿಗೆ ಏನೋ ಇದೆಯೆಂದು ಕಂಡು, ತಿಳಿದು, ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಎಚ್ಚರವಿರುವ ಚಾಲಕನಿಗೂ ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ 33 ಮೀಟರ್ ಕಳೆದಿರುತ್ತದೆ. ಸರಕು ತುಂಬಿದ ಲಾರಿ ನಿಲ್ಲಲು ಅಲ್ಲಿಂದ ಮುಂದೆ ಇನ್ನೂ 50 ಮೀಟರಿನಷ್ಟು ಬೇಕು, ಅದೂ ರಸ್ತೆ ಒಣಗಿದ್ದರೆ. ಒಟ್ಟು 80 ಮೀಟರಿಗೂ ಹೆಚ್ಚು. ಎದುರಿನಿಂದ ವಾಹನ ಬರುತ್ತಿರುವಾಗ ತಗ್ಗಿಸಿದ ದೀಪದ ಬೆಳಕು ಚೆನ್ನಾಗಿ ಬೀಳುವುದು 40ರಿಂದ 50 ಮೀಟರ್ ದೂರಕ್ಕೆ ಮಾತ್ರ. ಅಂದರೆ ಆ ವೇಗದಲ್ಲಿ ಚಾಲಕ ತಾನು ಕಾಣದ ಜಾಗಕ್ಕೆ ವಾಹನವನ್ನು ಆಗಲೇ ನುಗ್ಗಿಸಿಯಾಗಿರುತ್ತದೆ. ಎಷ್ಟೇ ನುರಿತವನಾದರೂ ಆನೆ ಕಂಡ ಮೇಲೆ ನಿಲ್ಲಿಸಲಾರ. ಅದೇ ವಾಹನ 40ರ ವೇಗದಲ್ಲಿದ್ದರೆ 30 ಮೀಟರಿನೊಳಗೆ ನಿಲ್ಲುತ್ತದೆ, ಬೆಳಕಿನೊಳಗೇ ನಿಲ್ಲುತ್ತದೆ.

ಕಾಡಿನ 15 ಕಿಲೋಮೀಟರ್ ದೂರವನ್ನು 80ರ ವೇಗದಲ್ಲಿ ದಾಟಲು 11 ನಿಮಿಷ ಬೇಕು, 40ರಲ್ಲಿ ಸುಮಾರು 22 ನಿಮಿಷ. ಉಳಿಯುವುದು 11 ನಿಮಿಷ. ದಾರಿಯಲ್ಲಿ ಒಂದು ಲೋಟ ಚಹಾ ಕುಡಿಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಆನೆಯ ಮೈಬಣ್ಣವೂ ಇಲ್ಲಿ ಗಮನಿಸಬೇಕಾದ ಸಂಗತಿ. ಜಿಂಕೆಯ ಕಣ್ಣು ದೀಪಕ್ಕೆ ಹೊಳೆಯುತ್ತದೆ, ದೂರದಿಂದಲೇ ಸುಳಿವು ಕೊಡುತ್ತದೆ. ಆನೆಯ ಕಣ್ಣು ಬಹಳ ಎತ್ತರದಲ್ಲಿರುವುದರಿಂದ ತಗ್ಗಿಸಿದ ದೀಪ ಅದನ್ನು ಮುಟ್ಟುವುದೇ ಇಲ್ಲ. ಬೆಳಕು ಬೀಳುವುದು ಕಾಲುಗಳ ಮೇಲೆ, ಅವು ಮರದ ಬೊಡ್ಡೆಗಳಂತೆ ಕಾಣುತ್ತವೆ. ಒಂದು ಆನೆ ದಾಟಿತೆಂದರೆ ದಾರಿ ಬಿಡುವಾಯಿತೆಂದು ತಿಳಿಯುವಂತಿಲ್ಲ. ಹಿಂಡಿನಲ್ಲಿ ಹಿರಿಯ ಹೆಣ್ಣಾನೆ ಮುಂದೆ ನಡೆದರೆ ಮರಿಗಳು ನಡುವೆ ಬರುತ್ತವೆ, ಉಳಿದವು ಹಿಂದೆ. ಮರಿ ರಸ್ತೆಯ ಮೇಲಿರುವಾಗ ಹಾರನ್ ಬಾರಿಸಿದವನ ಗತಿಯನ್ನು ತಿತಿಮತಿಯ ಯಾವ ಅಂಗಡಿಯವನನ್ನು ಕೇಳಿದರೂ ಹೇಳಿಯಾನು. ದೀಪ ತಗ್ಗಿಸಿ, ದೂರ ನಿಂತು, ಇಂಜಿನ್ ಆರಿಸದೆ ಕಾಯುವುದೊಂದೇ ಉಪಾಯ. ಕೆಳಗಿಳಿದು ಮೊಬೈಲಿನಲ್ಲಿ ಚಿತ್ರ ತೆಗೆಯುವವರ ಬಗ್ಗೆ ಇಲ್ಲಿ ಬರೆಯುವುದು ಶಾಯಿಯ ವ್ಯರ್ಥ.

ಪ್ರಾಣಿಗಳು ರಸ್ತೆಗೆ ಬರುವುದಕ್ಕೆ ಕಾರಣ ರಸ್ತೆಯಲ್ಲೇ ಇದೆ. ದೃಷ್ಟಿ ಮರೆಯಾಗದಿರಲೆಂದು ಇಕ್ಕೆಲದ ಪೊದೆಗಳನ್ನು ಸವರುತ್ತಾರೆ. ಸವರಿದ ಜಾಗದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಲಂಟಾನ ತುಂಬಿದ ಕಾಡಿನೊಳಗೆ ಸಿಗದ ಮೇವು ರಸ್ತೆಯ ಅಂಚಿನಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ನೀರಿನ ಸೆಳೆತ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಪೂರ್ಣಗೊಂಡ ಮೇಲೆ, ಹಿಂದೆ ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದ ನೆಲವೇ ಹಿನ್ನೀರಾಯಿತು. ಫೆಬ್ರವರಿಯಿಂದ ಮುಂಗಾರಿನವರೆಗೆ ನಾಗರಹೊಳೆ ಮತ್ತು ಬಂಡೀಪುರದ ಆನೆಗಳೆಲ್ಲ ಈ ನೀರಿನ ಅಂಚಿಗೆ ನೆರೆಯುತ್ತವೆ. ಬಾವಲಿಯ ದಾರಿ ಅವುಗಳ ದಾರಿಗೆ ಅಡ್ಡ ಬಿದ್ದಿದೆ. ಇದೇ ರಸ್ತೆಯಲ್ಲಿ ವನ್ಯಜೀವಿ ತಜ್ಞರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವಾಹನ ಹೆಚ್ಚು ಓಡಾಡುವ ಭಾಗದಲ್ಲಿ ಜಿಂಕೆ, ಕಾಟಿ, ಆನೆಗಳು ರಸ್ತೆಯಂಚಿಗೆ ಬರುವುದು ಕಡಿಮೆ ಎಂದು ತೋರಿಸಿತು. ಸಾಯುವುದಷ್ಟೇ ಹಾನಿಯಲ್ಲ; ಮೇವು ನೀರಿಗೆ ಬರಲಾರದೆ ಹಿಂದೆ ಸರಿಯುವುದೂ ಹಾನಿಯೇ. ಹಾಗೆ ಹಿಂದೆ ಸರಿದ ಆನೆ ಹೊಟ್ಟೆಪಾಡಿಗೆ ಯಾರ ಹೊಲದತ್ತ ತಿರುಗೀತೆಂಬುದನ್ನು ಕಾಡಂಚಿನ ರೈತರು ಊಹಿಸಬಲ್ಲರು.

ಈಗ ವ್ಯಾಪಾರದ ಪಂಚಾಂಗವನ್ನು ಕಾಡಿನ ಪಂಚಾಂಗದ ಪಕ್ಕದಲ್ಲಿ ಇಟ್ಟು ನೋಡಬೇಕು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜು ಮಾರುಕಟ್ಟೆಗಳಲ್ಲಿ ಹೊಗೆಸೊಪ್ಪಿನ ವಹಿವಾಟು ಬಿರುಸಾಗುವುದು ಮಳೆಗಾಲ ಮುಗಿದ ಮೇಲೆ. ಭತ್ತ, ರಾಗಿಯ ಕಟಾವು ನವೆಂಬರಿನಿಂದ ಮುಂದಕ್ಕೆ. ಕೊಡಗಿನ ಕಾಫಿ ಡಿಸೆಂಬರಿನಿಂದ. ನವೆಂಬರ್, ಡಿಸೆಂಬರ್, ಜನವರಿಗಳಲ್ಲಿ ಶಬರಿಮಲೆ ಯಾತ್ರಿಕರ ವಾಹನಗಳು ಬೇರೆ. ಪೈರು ಹಾಲುಗಟ್ಟಿ ಬಲಿಯುವ ಇದೇ ತಿಂಗಳುಗಳಲ್ಲಿ ಆನೆಗಳು ಮುಸ್ಸಂಜೆಗೆ ಕಾಡು ಬಿಟ್ಟು ಹುಣಸೂರು, ಪಿರಿಯಾಪಟ್ಟಣದ ಅಂಚಿನ ಹೊಲಗಳಿಗೆ ಇಳಿದು ಕೋಳಿ ಕೂಗುವ ಮುನ್ನ ಹಿಂದಿರುಗುತ್ತವೆ. ಸವೆದ ರೈಲು ಹಳಿಗಳಿಂದ ಕಟ್ಟಿದ ತಡೆಬೇಲಿ ಕೆಲವೆಡೆ ಅವನ್ನು ನಿಲ್ಲಿಸಿದೆ. ಬೇಲಿ ಮುಗಿಯುವ ತುದಿಗಳಲ್ಲಿ ದಾಟುವಿಕೆ ಹೆಚ್ಚಿದೆ. ಲಾರಿಗಳ ಸಾಲೂ ಆನೆಗಳ ಸಾಲೂ ಒಂದೇ ಹೊತ್ತಿಗೆ, ಒಂದೇ ತಿಂಗಳಲ್ಲಿ, ಒಂದೇ ರಸ್ತೆಗೆ ಬರುತ್ತವೆ. ಆನೆಗೆ ಹೊತ್ತು ಬದಲಿಸಲು ಹೇಳುವಂತಿಲ್ಲ.

ಹೊತ್ತು ಬದಲಿಸಬೇಕಾದದ್ದು ಸರಕು. ವ್ಯಾಪಾರಿ ಸಮುದಾಯ ತನ್ನ ಬಗ್ಗೆ ತಾನೇ ಒಂದಿಷ್ಟು ಕಟುವಾಗಿ ಮಾತನಾಡಿಕೊಳ್ಳಬೇಕಾದದ್ದೂ ಇಲ್ಲಿಯೇ. ಹೆಗ್ಗಡದೇವನಕೋಟೆಯಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಡಬೇಕಾದ ಸರಕು ಹಮಾಲಿ ಬಂದಿಲ್ಲ, ಬಿಲ್ಲು ಸಿದ್ಧವಿಲ್ಲ, ತೂಕದ ಸೇತುವೆಯಲ್ಲಿ ಸರದಿ ಎಂಬ ಕಾರಣಗಳಿಂದ ನಾಲ್ಕೂವರೆಗೆ ಹೊರಡುತ್ತದೆ. ಗೇಟು ಆರಕ್ಕೆ ಮುಚ್ಚುತ್ತದೆ. ಉಳಿದದ್ದನ್ನು ಚಾಲಕನ ಕಾಲು ಸರಿದೂಗಿಸಬೇಕು. ಹಗಲು ಇರುಳುಗಳ ನಡುವಿನ ಆ ಒಂದು ಗಂಟೆ ಪ್ರಾಣಿಗಳು ಅತಿ ಹೆಚ್ಚು ಚಲಿಸುವ ಹೊತ್ತು. ಕಣ್ಣಿಗೆ ಬೆಳಕೂ ಇಲ್ಲ, ದೀಪ ಹಾಕಿದರೆ ಪ್ರಯೋಜನವೂ ಇಲ್ಲ. ನಿರ್ಬಂಧದ ಅವಧಿಯಲ್ಲಿ ಕಾಡು ನೆಮ್ಮದಿಯಿಂದಿದ್ದರೆ, ನಿರ್ಬಂಧಕ್ಕೆ ಮುಂಚಿನ ಗಂಟೆಯಲ್ಲಿ ರಸ್ತೆ ಓಟದ ಕಣವಾಗುತ್ತದೆ. ಗೇಟಿಗೆ ತಡವಾಗಿ ತಲುಪಿದವನು ಹಿಂದಿರುಗಿ ಹುಣಸೂರಿನತ್ತ ತಿರುಗಿ, ಕಳೆದ ಸಮಯವನ್ನು ಆನೆಚೌಕೂರಿನ ದಾರಿಯಲ್ಲಿ ಹಿಡಿಯಲು ನೋಡುತ್ತಾನೆ. ಟ್ರಿಪ್ಪಿಗಿಷ್ಟು ಎಂದು ಭತ್ಯೆ ಕೊಡುವ, ಬೆಳಗಿನ ಪೇಟೆಗೆ ತಲುಪದಿದ್ದರೆ ಬಾಡಿಗೆಯಲ್ಲಿ ಮುರಿದುಕೊಳ್ಳುವ ಪದ್ಧತಿ ಇರುವವರೆಗೆ 'ನಿಧಾನವಾಗಿ ಚಲಿಸಿ' ಎಂಬ ಫಲಕವನ್ನು ಚಾಲಕ ಓದುವುದು ಹೇಗೆ? ಫಲಕ ನೆಟ್ಟವರು ಅರಣ್ಯ ಇಲಾಖೆಯವರು. ಅವನಿಗೆ ಕೂಲಿ ಕೊಡುವವರು ಬೇರೆ.

ನಷ್ಟದ ಲೆಕ್ಕವನ್ನಾದರೂ ಸರಿಯಾಗಿ ಹಾಕುವುದು ಒಳ್ಳೆಯದು. ಮೂರನೆಯವರ ವಿಮೆಯಷ್ಟೇ ಇರುವ ಲಾರಿ ಆನೆಗೆ ಬಡಿದರೆ ಸ್ವಂತ ವಾಹನದ ಹಾನಿಗೆ ಬಿಡಿಗಾಸೂ ಬರುವುದಿಲ್ಲ. ಆನೆ, ಹುಲಿ, ಚಿರತೆ, ಕಾಟಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿ ದಂಡದ ಪ್ರಮಾಣವನ್ನು ಏರಿಸಿದೆ. ಪ್ರಕರಣ ದಾಖಲಾಯಿತೆಂದರೆ ವಾಹನದ ಬಿಡುಗಡೆಗೆ ಓಡಾಟ, ಕೊಳೆಯುವ ಸರಕು, ಕೆಲಸ ಕಳೆದುಕೊಂಡ ಚಾಲಕನ ಮನೆ. ಹನ್ನೊಂದು ನಿಮಿಷದ ಉಳಿತಾಯಕ್ಕೆ ಇದು ದುಬಾರಿ.

ಕೃಷ್ಣರಾಜನಗರದವರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಹೇಳಬಹುದು. ಅಲ್ಲಿ ಕಾಡಿಲ್ಲ, ಕಾಲುವೆ ಗದ್ದೆಗಳ ಸೀಮೆ. ಆದರೆ 2022ರ ನವೆಂಬರಿನಲ್ಲಿ ಪಟ್ಟಣದ ಬಡಾವಣೆಯೊಳಕ್ಕೇ ಚಿರತೆ ನುಗ್ಗಿ ಜನರನ್ನು ಗಾಯಗೊಳಿಸಿದ್ದನ್ನು ಊರು ಮರೆತಿಲ್ಲ. ಕಬ್ಬಿನ ಗದ್ದೆಗಳಲ್ಲಿ ನೆಲೆ ಮಾಡಿಕೊಂಡ ಚಿರತೆ, ಕಾಡುಹಂದಿಗಳಿಗೆ ರಾತ್ರಿ ರಸ್ತೆ ದಾಟುವುದು ನಿತ್ಯದ ಸಂಗತಿ. ದ್ವಿಚಕ್ರ ವಾಹನಕ್ಕೆ ಹಂದಿ ಅಡ್ಡ ಬಂದರೆ ಸಾಯುವುದು ಹಂದಿಯೊಂದೇ ಅಲ್ಲ.

ಮೇಲ್ಸೇತುವೆಯ ಮಾತೂ ಆಗಾಗ ಬರುತ್ತದೆ. ಮಹಾರಾಷ್ಟ್ರದ ಪೆಂಚ್ ಬಳಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಪ್ರಾಣಿಗಳಿಗಾಗಿ ಕೆಳದಾರಿಗಳನ್ನು ಕಟ್ಟಿದ್ದಾರೆ. ಹುಲಿಗಳೂ ಅವನ್ನು ಬಳಸುತ್ತಿವೆ. ಅಲ್ಲಿ ಹಗಲಿರುಳೂ ಹರಿಯುವ ರಾಷ್ಟ್ರವ್ಯಾಪಿ ದಟ್ಟಣೆ ಇತ್ತು, ರಸ್ತೆಯ ಅಗಲೀಕರಣ ಅನಿವಾರ್ಯವೆಂದಾಗಿತ್ತು. ಬಂಡೀಪುರಕ್ಕೆ ಎತ್ತರಿಸಿದ ರಸ್ತೆಯ ಪ್ರಸ್ತಾವ 2018ರಲ್ಲಿ ಬಂದಾಗ ಕರ್ನಾಟಕ ಒಪ್ಪಲಿಲ್ಲ. ವರ್ಷಗಟ್ಟಲೆ ಕಾಡಿನ ನಡುವೆ ಕಂಬ ನೆಡುವ ಕೆಲಸ ನಡೆಯಲಿ ಎನ್ನುವುದಕ್ಕಿಂತ ವಾಹನ ಎರಡು ಗಂಟೆ ಮೊದಲು ಹೊರಡಲಿ ಎನ್ನುವುದು ಅಗ್ಗ.

ಸುಪ್ರೀಂ ಕೋರ್ಟಿಗೂ ದೆಹಲಿಗೂ ಹೋಗದೆ ಈ ತಾಲ್ಲೂಕುಗಳ ವರ್ತಕರೇ ಕೂಡಿ ಮಾಡಬಹುದಾದದ್ದು ಸಾಕಷ್ಟಿದೆ. ಬಾವಲಿ ಮಾರ್ಗದ ಸರಕನ್ನು ಮಧ್ಯಾಹ್ನ ಮೂರರ ಬಳಿಕ ತುಂಬದಿರುವ ಒಪ್ಪಂದ ಮಂಡಿ ವರ್ತಕರು, ಲಾರಿ ಮಾಲೀಕರು, ಹಮಾಲಿಗಳ ಸಂಘಗಳ ನಡುವೆ ಆಗಬಹುದು. ಬೇಗ ಕೊಳೆಯದ ಸರಕು ರಾತ್ರಿ ಆನೆಚೌಕೂರು ದಾಟಬೇಕಾದ ಅಗತ್ಯವೇ ಇಲ್ಲ. ಅಕ್ಕಿ ಮೂಟೆ ಬೆಳಿಗ್ಗೆ ಆರಕ್ಕೆ ಹೊರಟರೆ ಅನ್ನ ಹಳಸುವುದಿಲ್ಲ, ಕಾಫಿ ಬೀಜ ಆರು ಗಂಟೆ ತಡವಾದರೆ ರುಚಿ ಕೆಡುವುದಿಲ್ಲ. ರಾತ್ರಿ ಹೋಗಲೇಬೇಕಾದ ಹಾಲು, ಹಣ್ಣು, ತರಕಾರಿಯ ವಾಹನಗಳಿಗೆ ಕಾಡಿನ ಭಾಗದಲ್ಲಿ 40ರ ಮಿತಿಯನ್ನು ಮಾಲೀಕರೇ ವಿಧಿಸಬಹುದು. ಬಹುತೇಕ ಲಾರಿಗಳಲ್ಲಿ ಈಗ ಸ್ಥಳ ಮತ್ತು ವೇಗ ತೋರಿಸುವ ಉಪಕರಣಗಳಿವೆ. ಡೀಸೆಲ್ ಕಳವು ಹಿಡಿಯಲು ಅದನ್ನು ನೋಡುವವರು ಆನೆಚೌಕೂರಿನ ವೇಗವನ್ನೂ ನೋಡಬಹುದು.

ಸರ್ಕಾರದಿಂದ ಕೇಳಬೇಕಾದದ್ದೂ ಇದೆ, ಅದನ್ನು ಗಟ್ಟಿಯಾಗಿಯೇ ಕೇಳಬೇಕು. ಬಂಡಿಗಳ ಕಾಲದಲ್ಲಿ ಹುಣಸೂರು ಗಾಡಿ ಕಟ್ಟುವ ಕೆಲಸಕ್ಕೂ ಅಮೃತಮಹಲ್ ಎತ್ತುಗಳಿಗೂ ಹೆಸರಾಗಿತ್ತು. ಆಗ ಕಾಡಿನ ಅಂಚಿಗೆ ಬಂದ ಗಾಡಿ ಕತ್ತಲಾದರೆ ನೊಗ ಇಳಿಸಿ ತಂಗುವುದು ಸಾಮಾನ್ಯ ತಿಳಿವಳಿಕೆ. ಇಂದು ಗೇಟಿನ ಮುಂದೆ ಆರು ಗಂಟೆ ಐದು ನಿಮಿಷಕ್ಕೆ ತಲುಪಿದ ಚಾಲಕನಿಗೆ ಮಲಗಲು ನೆರಳಿಲ್ಲ, ಶೌಚಾಲಯವಿಲ್ಲ, ಸರಕಿಗೆ ಕಾವಲಿಲ್ಲ. ರಸ್ತೆಯ ಬದಿಯಲ್ಲೇ ಲಾರಿ ನಿಲ್ಲಿಸಿ ಸೀಟಿನ ಮೇಲೆ ಮುದುರಿಕೊಳ್ಳಬೇಕು, ಇಲ್ಲವೇ ಹಿಂದಕ್ಕೆ ತಿರುಗಿ ಇನ್ನೊಂದು ಕಾಡಿಗೆ ನುಗ್ಗಬೇಕು. ಅವನು ಎರಡನೆಯದನ್ನೇ ಆರಿಸಿಕೊಂಡರೆ ಅವನನ್ನು ದೂರುವುದು ಕಷ್ಟ. ರಸ್ತೆ ಸುಧಾರಣೆಗೆ ಕೋಟಿಗಟ್ಟಲೆ ಹಣ ಹುಡುಕಿದ ಸರ್ಕಾರಕ್ಕೆ ಹ್ಯಾಂಡ್‌ಪೋಸ್ಟಿನಲ್ಲಿ ಒಂದು, ಪಂಚವಳ್ಳಿಯಲ್ಲಿ ಒಂದು ಲಾರಿ ತಂಗುದಾಣ ಕಟ್ಟುವುದು ಭಾರವಾಗದು: ದೀಪ, ನೀರು, ಸ್ನಾನದ ಮನೆ, ಒಂದು ಹೋಟೆಲು, ರಾತ್ರಿ ಕಾವಲುಗಾರ. ಜಾಗಕ್ಕಾಗಿ ಕೃಷಿ ಮಾರುಕಟ್ಟೆ ಸಮಿತಿಗಳ ಮುಂದೆ ಅರ್ಜಿ ಇಡಬಹುದು. ಬೆಳಿಗ್ಗೆ ಐದೂವರೆಗೆ ಅಲ್ಲಿ ಬಿಸಿ ಇಡ್ಲಿ ಸಿಕ್ಕರೆ ಆರಕ್ಕೆ ಗೇಟು ತೆರೆಯುವ ಹೊತ್ತಿಗೆ ಚಾಲಕ ನಿದ್ದೆ ಮಾಡಿ ಎದ್ದಿರುತ್ತಾನೆ. ವಾಣಿಜ್ಯ ಸಂಸ್ಥೆಗಳು ಜಿಲ್ಲಾಡಳಿತಕ್ಕೆ ಮುಂದಿನ ಬಾರಿ ಮನವಿ ಸಲ್ಲಿಸುವಾಗ 'ರಸ್ತೆ ತೆರೆಯಿರಿ' ಎಂಬ ಹಳೆಯ ಸಾಲನ್ನು ತೆಗೆದು ಆ ಜಾಗದಲ್ಲಿ ಈ ಎರಡು ಊರುಗಳ ಹೆಸರನ್ನು ಬರೆಯಲಿ.